ನೀರಿಗೆ ಕ್ಷಯ ಬಂದ ದಸರಾ

ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ಹುಡುಗ ಹುಡುಗಿಯರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಆಮೇಲೆ ಬಿರಾದಾರ ಮ್ಯಾಡಂ ಹೇಳಲಿಲ್ಲ ಅನ್ನಬೇಡಿ. ನೀವು ಜೀವಮಾನವಿಡೀ ಮಾಡಲಿರುವುದು ಇಷ್ಟೇ: ಒಂದು ಸಣ್ಣ ಟ್ಯೂಬಿನಿಂದ ಇನ್ನೊಂದು ಸಣ್ಣ ಟ್ಯೂಬಿಗೆ ಕಣ್ಣಿಗೆ ಕಂಡೂ ಕಾಣದಷ್ಟು ನೀರು ಹಾಕುವುದು. ಪ್ರವೇಶದ ಜಾಹೀರಾತಿನಲ್ಲಿ ‘ಅಣು ಮಟ್ಟದ ರೋಗನಿರ್ಣಯದಲ್ಲಿ ಸ್ನಾತಕೋತ್ತರ ತರಬೇತಿ’ ಎಂದು ದಪ್ಪ ಅಕ್ಷರದಲ್ಲಿ ಹಾಕಿರುತ್ತಾರೆ. ಪಕ್ಕದಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತು ನಗುತ್ತಿರುವ ಹುಡುಗಿಯ ಚಿತ್ರ ಇರುತ್ತದೆ. ನಮ್ಮ ವಿಭಾಗದಲ್ಲಿ ಸೂಕ್ಷ್ಮದರ್ಶಕವೇ ಇರಲಿಲ್ಲ. ನಗುವವರೂ ಕಡಿಮೆ.

ಪುಣೆ ಕ್ಯಾಂಪಿನ ಒಂದು ಟ್ರಸ್ಟ್ ಆಸ್ಪತ್ರೆಯ ಮೂರನೇ ಮಹಡಿಯಲ್ಲಿದ್ದ ತರಬೇತಿ ಪ್ರಯೋಗಾಲಯದಲ್ಲಿ ನನ್ನ ಕೆಲಸದ ಬದುಕು ಕಳೆಯಿತು. ವಿಜಯಪುರದ ಕಡೆಯಿಂದ ಬಂದ ನಮ್ಮಪ್ಪ ದೇಹೂ ರೋಡಿನ ಸೈನ್ಯದ ಡಿಪೋದಲ್ಲಿ ಗುಮಾಸ್ತರಾಗಿದ್ದರು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಹಿಂದಿ, ಲೋಕಲ್ ರೈಲಿನಲ್ಲಿ ಸೀಟಿನ ಜಗಳ ಮಾತ್ರ ಮರಾಠಿಯಲ್ಲಿ. ಬಡ್ತಿಗಳ ಬಗ್ಗೆ ನಾನು ಇಲ್ಲಿ ಬರೆಯುವುದಿಲ್ಲ. ಬಡ್ತಿ ಸಿಕ್ಕಾಗಲೆಲ್ಲ ಕುರ್ಚಿ ಬದಲಾಯಿತು, ಬೆನ್ನುನೋವು ಅದೇ ಉಳಿಯಿತು.

ನಮ್ಮದು ಪಿಸಿಆರ್ ಎಂಬ ಪರೀಕ್ಷೆ. ರೋಗಿಯ ಕಫದಲ್ಲಿ ಕ್ಷಯದ ರೋಗಾಣು ಬೆರಳೆಣಿಕೆಯಷ್ಟಿದ್ದರೂ ಸಾಕು, ಅದರ ವಂಶವಾಹಿಯ ಒಂದು ತುಣುಕನ್ನು ಬಿಸಿ ಮಾಡಿ ತಣಿಸಿ, ಮತ್ತೆ ಬಿಸಿ ಮಾಡಿ ತಣಿಸಿ, ಕೋಟಿಗಟ್ಟಲೆ ಪ್ರತಿ ಮಾಡಿ ‘ಇಲ್ಲಿದೆ ನೋಡಿ’ ಎಂದು ತೋರಿಸುತ್ತದೆ. ನಾನು ಸೇರಿದಾಗ ಇದಕ್ಕೆ ಯಂತ್ರ ಬಂದಿರಲಿಲ್ಲ. ಮೂರು ಪಾತ್ರೆಗಳಲ್ಲಿ ನೀರು ಇಟ್ಟುಕೊಂಡಿದ್ದೆವು. ಒಂದು ಕುದಿಯುವುದು, ಒಂದು ಬೆಚ್ಚಗಿನದು, ಒಂದು ಇವೆರಡರ ನಡುವಿನದು. ಟ್ಯೂಬುಗಳನ್ನು ತಂತಿಯ ಬುಟ್ಟಿಯಲ್ಲಿಟ್ಟು, ಗಡಿಯಾರ ನೋಡುತ್ತ, ಒಂದರಿಂದ ಎತ್ತಿ ಇನ್ನೊಂದಕ್ಕೆ ಮುಳುಗಿಸುತ್ತ ಇಡೀ ಮಧ್ಯಾಹ್ನ ಕಳೆಯಬೇಕಿತ್ತು. ಈ ನಡುವೆ ಯಾರಾದರೂ ಬಂದು ‘ಚಹಾ ಬೇಕಾ’ ಎಂದು ಕೇಳಿದರೆ ಲೆಕ್ಕ ತಪ್ಪಿ ಮೊದಲಿನಿಂದ ಶುರು.

ಆಮೇಲೆ ಯಂತ್ರ ಬಂತು. ಆಗಿನ ನಮ್ಮ ಮೇಲಧಿಕಾರಿ ಅದನ್ನು ನಂಬಲಿಲ್ಲ. ಅದು ಒಳಗೊಳಗೇ ನಿಜವಾಗಿ ಬಿಸಿಯಾಗುತ್ತದೆಯೋ, ಸುಮ್ಮನೆ ದೀಪ ಹಚ್ಚಿಕೊಂಡು ಕುಳಿತಿರುತ್ತದೆಯೋ ಎಂಬ ಅನುಮಾನ ಅವರಿಗೆ. ಗಳಿಗೆಗೊಮ್ಮೆ ಬಂದು, ಜ್ವರ ಬಂದ ಮಗುವಿನ ಹಣೆ ಮುಟ್ಟಿದಂತೆ ಅದರ ಮುಚ್ಚಳದ ಮೇಲೆ ಅಂಗೈ ಇಟ್ಟು ‘ತಾಪ ಉತರ್‍ಲಾ’ ಎಂದು ಮರಾಠಿಯಲ್ಲಿ ಜ್ವರ ಇಳಿದ ಸುದ್ದಿ ಹೇಳಿ ಹೋಗುತ್ತಿದ್ದರು. ಒಂದು ದಿನ ಮುಚ್ಚಳ ತೆರೆದು ಒಳಗಿನ ಲೋಹದ ಮೇಲೇ ಕೈ ಇಟ್ಟರು. ಬರ್ನಾಲ್ ಹಚ್ಚಿ ಬ್ಯಾಂಡೇಜ್ ಕಟ್ಟಿಸಿಕೊಂಡು ಬಂದು, ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದೆ ಎಂದು ಸಹಿ ಮಾಡಿದರು.

ಇನ್ನೊಮ್ಮೆ ಆಮ್ರಖಂಡದ ಪ್ರಕರಣ ನಡೆಯಿತು. ಯಾರದೋ ಬೀಳ್ಕೊಡುಗೆ ಸಮಾರಂಭಕ್ಕೆ ಆಮ್ರಖಂಡ, ಅಂದರೆ ಮಾವಿನ ಹಣ್ಣಿನ ಶ್ರೀಖಂಡ, ತರಿಸಿದ್ದರು. ಅದು ಕೆಡಬಾರದಲ್ಲ? ಫ್ರೀಜರಿನಲ್ಲಿ ಜಾಗ ಮಾಡಲು, ಒಳಗಿದ್ದ ಎಂಜೈಮಿನ ಡಬ್ಬಿಯನ್ನು ತೆಗೆದು ಬಿಸಿಲು ಬೀಳುವ ಕಿಟಕಿಯಲ್ಲಿಟ್ಟರು. ಪ್ರತಿ ಮಾಡುವ ಕೆಲಸವೆಲ್ಲ ಆ ಎಂಜೈಮಿನದು. ಅದು ಸತ್ತಿತು, ಆಮ್ರಖಂಡ ಚೆನ್ನಾಗಿತ್ತು. ಮರುದಿನದಿಂದ ನಮ್ಮ ಯಾವ ಟ್ಯೂಬಿನಲ್ಲೂ ಕ್ಷಯವಿಲ್ಲ. ಬೇಕೆಂದೇ ರೋಗಾಣು ಹಾಕಿದ್ದ ಟ್ಯೂಬೂ ಆರೋಗ್ಯವಾಗಿತ್ತು. ಅದರಿಂದಲೇ ನಾವು ಸಿಕ್ಕಿಬಿದ್ದೆವು.

ನಮ್ಮ ಪರೀಕ್ಷೆಯಲ್ಲಿ ಪ್ರತಿ ಸಲ ಇಬ್ಬರು ಸಾಕ್ಷಿಗಳಿರುತ್ತಾರೆ, ಕೇಳಿಸಿಕೊಳ್ಳಿ. ಒಂದು ಟ್ಯೂಬಿನಲ್ಲಿ ಖಾತ್ರಿಯಾಗಿ ರೋಗ ಇರುತ್ತದೆ. ಇನ್ನೊಂದರಲ್ಲಿ ಕಫದ ಬದಲು ಬರೀ ಶುದ್ಧ ನೀರು. ರೋಗದ ಟ್ಯೂಬು ‘ರೋಗ ಇದೆ’ ಅನ್ನಬೇಕು, ನೀರು ‘ನನಗೇನೂ ಇಲ್ಲ’ ಅನ್ನಬೇಕು. ನೀರೇ ‘ನನಗೂ ರೋಗ ಇದೆ’ ಅಂದರೆ ಎಲ್ಲಿಂದಲೋ ಕೊಳೆ ಸೇರಿಕೊಂಡಿದೆ ಎಂದರ್ಥ. ಆಗ ಆ ಸಲದ ಎಲ್ಲ ಫಲಿತಾಂಶವನ್ನೂ ಎಸೆಯಬೇಕು. ವರದಿ ಕೊಡಕೂಡದು. ಇದನ್ನು ನಾನು ಪ್ರತಿ ತಂಡಕ್ಕೂ ಗಂಟಲು ಹರಿಯುವಂತೆ ಹೇಳುತ್ತಿದ್ದೆ. ಅವರು ಚಂದ ಬರೆದುಕೊಂಡು ಕೆಳಗೆ ಗೆರೆ ಎಳೆಯುತ್ತಿದ್ದರು.

ಚಿನ್ನದ ಪದಕ ಪಡೆದವರು ಬರುತ್ತಿದ್ದರು. ನಾನು ಅವರ ಕೈಗೆ ಬಣ್ಣದ ನೀರು, ಹನಿ ಅಳೆದು ಹಾಕುವ ಪಿಪೆಟ್ಟು ಕೊಟ್ಟು ವಾರಗಟ್ಟಲೆ ಸುರಿಯಲು ಹಚ್ಚುತ್ತಿದ್ದೆ. ಬೆಂಗಳೂರಿನಿಂದ ಬಂದ ನಿಖಿಲ್ ಎಂಬ ಹುಡುಗ ಮೊದಲ ವಾರವೇ ನನ್ನ ಮೇಜಿಗೆ ಬಂದ.

“ಮ್ಯಾಮ್, ನಾನು ಕ್ಯಾನ್ಸರ್ ಮೇಲೆ ಡೆಸರ್ಟೇಶನ್ ಮಾಡಿದ್ದೀನಿ. ಇದು ಸ್ವಲ್ಪ ಬೇಸಿಕ್ ಅನ್ಸ್ತಾ ಇದೆ.”

“ನಿನ್ನ ಟ್ಯೂಬ್ ತೋರ್ಸು,” ಎಂದೆ. ಒಂದರಲ್ಲಿ ಎರಡು ಪಾಲು ನೀರು, ಪಕ್ಕದ್ದು ಒಣ ಒಣ. “ಈ ರೋಗಿಗೆ ಎರಡು ಸಲ ಕ್ಯಾನ್ಸರ್ ಬಂತು, ಈತಗ ಬರಲೇ ಇಲ್ಲ. ಹೋಗು, ಮತ್ತ ಸುರಿ.”

ಆತ ಹೋಗಿ ಸುರಿದ. ಒಳ್ಳೆಯ ಹುಡುಗ, ಮುಂದೆ ಏನು ಮಾಡಿದ ಎಂದು ಹೇಳುತ್ತೇನೆ.

ಅದೇ ತಂಡದಲ್ಲಿ ಮಹಾದೇವಿ ಇದ್ದಳು. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಯೆರವಡಾದಲ್ಲಿ ನಿಂತ ಮನೆತನ. ಅಪ್ಪ ಗಾರೆ ಕೆಲಸದವನು. ಈ ತರಬೇತಿ ಮುಗಿಸಿದರೆ ಆಸ್ಪತ್ರೆಯ ಕೆಳಮಹಡಿಯಲ್ಲಿ, ನಿಜವಾದ ರೋಗಿಗಳ ಕಫ ನೋಡುವ ಪ್ರಯೋಗಾಲಯದಲ್ಲಿ ಆಕೆಗೆ ಕೆಲಸ ಎಂದು ಮಾತಾಗಿತ್ತು. ನಡುವೆ ಹೆಸರು ತೆಗೆದುಹಾಕಿದರೆ ಬೇರೆಲ್ಲೂ ಸೇರಿಸಿಕೊಳ್ಳುವುದಿಲ್ಲ, ಅದು ನಿಯಮ. ಎಲ್ಲರೆದುರು ನನ್ನನ್ನು ಮ್ಯಾಡಂ ಅನ್ನುವಳು. ಇಬ್ಬರೇ ಇದ್ದಾಗ ಊರಿನ ಶಾಲೆಯಲ್ಲಿ ಕರೆದಂತೆ ಅಕ್ಕೋರ ಅನ್ನುವಳು. ನನಗೆ ಅದು ಭಾಳ ಹಿತವಾಗುತ್ತಿತ್ತು, ತೋರಿಸಿಕೊಳ್ಳುತ್ತಿರಲಿಲ್ಲ.

ನಮ್ಮಲ್ಲಿ ಸಾಲಾಗಿ ಮೂರು ಕೋಣೆಗಳಿದ್ದವು. ಮೊದಲನೆಯದು ಸ್ವಚ್ಛ ಕೋಣೆ, ಅಲ್ಲಿ ಪರೀಕ್ಷೆಗೆ ಬೇಕಾದ ಔಷಧಿಗಳನ್ನು ಬೆರೆಸುತ್ತೇವೆ. ಎರಡನೆಯದರಲ್ಲಿ ಕಫದ ಕೆಲಸ. ಮೂರನೆಯದು ಯಂತ್ರಗಳ ಕೋಣೆ. ತರಬೇತಿಯವರು ಕಣ್ಣಾರೆ ನೋಡಲಿ ಎಂದು ಅಲ್ಲಿ ನಾವು ಪರೀಕ್ಷೆ ಮುಗಿದ ಟ್ಯೂಬುಗಳನ್ನು ಬಿಚ್ಚುತ್ತಿದ್ದೆವು. ಬಿಚ್ಚಿದ ಕೂಡಲೇ ಆ ಕೋಟಿಗಟ್ಟಲೆ ಪ್ರತಿಗಳು ಗಾಳಿಗೆ ಹಾರಿ ಕೋಟು, ಕೂದಲು, ಪೆನ್ನು, ಮೊಬೈಲು ಎಲ್ಲದರ ಮೇಲೂ ಕೂರುತ್ತವೆ. ಅವುಗಳಿಂದ ಯಾರಿಗೂ ರೋಗ ಬರುವುದಿಲ್ಲ, ಆದರೆ ಪರೀಕ್ಷೆ ಕೆಡುತ್ತದೆ. ಹಾಗಾಗಿ ಒಂದನೇ ಕೋಣೆಯಿಂದ ಮೂರಕ್ಕೆ ಹೋಗಬಹುದು, ಮೂರರಿಂದ ಒಂದಕ್ಕೆ ಆ ದಿನ ತಿರುಗಿ ಬರಕೂಡದು. ವಸ್ತುವೂ ಬರಕೂಡದು, ಮನುಷ್ಯನೂ ಬರಕೂಡದು.

ಇದನ್ನು ತಿಳಿಸಲು ನಾನು ಒಂದು ಸುಲಭದ ದಾರಿ ಹಿಡಿದಿದ್ದೆ. “ಮೊದಲನೇ ಕೋಣಿ ಅಂದ್ರ ನಮ್ಮಜ್ಜಿ ಮಡೀಲೆ ಅಡಗಿ ಮಾಡೂ ಕೋಣಿ ಅಂತ ತಿಳ್ಕೋರಿ” ಎನ್ನುತ್ತಿದ್ದೆ. ಎಲ್ಲರಿಗೂ ಥಟ್ಟನೆ ತಿಳಿಯುತ್ತಿತ್ತು. ಆ ವರ್ಷ ಪಾಠ ಮುಗಿದ ಮೇಲೆ ಮಹಾದೇವಿ ಹಿಂದೆ ಉಳಿದಳು.

“ಅಕ್ಕೋರ, ಒಂದು ಮಾತು ಹೇಳ್ಲ್ಯಾ? ಸಿಟ್ಟಾಗಬ್ಯಾಡ್ರಿ.”

“ಹೇಳು.”

“ನಿಮ್ಮಜ್ಜಿ ಮಡಿ ಇದ್ದಾಗ ನಮ್ಮಂಥವರನ್ನ ಹೊರಗ ನಿಲ್ಲಸ್ತಿದ್ರು. ನಾವು ಜಳಕ ಮಾಡಿದ್ರೂ ಹೊರಗs, ಮಾಡದಿದ್ರೂ ಹೊರಗs. ಇಲ್ಲಿ ಹಂಗಿಲ್ಲಲ್ರಿ? ಇಲ್ಲಿ ಹೊರಗ ನಿಲ್ಲಬೇಕಾದ್ದು ಕೋಟು.”

ಮುಂದಿನ ಪಾಠದಿಂದ ಅಜ್ಜಿಯನ್ನು ತೆಗೆದುಹಾಕಿದೆ.

ಆ ಹೊತ್ತಿಗೆ ನಮ್ಮ ಸಂಚಾಲಕರಾಗಿದ್ದವರು ಡಾಕ್ಟರ್ ಭಾಲೇರಾವ್. ದಪ್ಪ ಮೀಸೆ, ಇಸ್ತ್ರಿ ಕೆಡದ ಕೋಟು. ಅವರ ತಾಯಿಯ ತವರು ಬೆಳಗಾವಿ, ಹಾಗಾಗಿ ನನ್ನೊಡನೆ ಕನ್ನಡವನ್ನೂ ಆಡುತ್ತಿದ್ದರು. ಸಿಟ್ಟು ಬಂದರೆ ಮರಾಠಿ, ಹೆದರಿಕೆಯಾದರೆ ಕನ್ನಡ. ಅವರು ಹೆದರಿದ್ದನ್ನು ನಾನು ಬಹಳ ಸಲ ನೋಡಿರಲಿಲ್ಲ.

ಆ ವರ್ಷ ಹೊಸ ಯಂತ್ರ ಬಂದಿತ್ತು. ಖಂಡೇನವಮಿ, ಅಂದರೆ ಆಯುಧಪೂಜೆ, ಬಂತೆಂದರೆ ಪುಣೆಯಲ್ಲಿ ರಿಕ್ಷಾದಿಂದ ಹಿಡಿದು ಹೊಲಿಗೆ ಯಂತ್ರದವರೆಗೆ ಎಲ್ಲಕ್ಕೂ ಝೆಂಡು ಹೂವಿನ ಮಾಲೆ. ನಮ್ಮಲ್ಲಿ ಅಲ್ಲಿಯವರೆಗೆ ಬಾಗಿಲಿಗೊಂದು ಮಾಲೆ ಹಾಕಿ ಪೇಢೆ ಹಂಚಿ ಮುಗಿಸುತ್ತಿದ್ದೆವು. ಭಾಲೇರಾವ್ ಸಾಹೇಬರು ಈ ಸಲ ವಿಧಿವತ್ತಾಗಿ ಪೂಜೆ ಆಗಬೇಕು ಎಂದರು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ಹಾಗೆ. ನಾನು ತಂಗಿಯ ಮಗಳ ಮದುವೆಯ ಮಾತುಕತೆಗೆಂದು ರಜೆ ಹಾಕಿ ಊರಿಗೆ ಹೋಗಿದ್ದೆ. ಇದ್ದಿದ್ದರೆ ಬಾಗಿಲಿಗೆ ಅಡ್ಡ ಮಲಗುತ್ತಿದ್ದೆ.

ನಡೆದದ್ದನ್ನು ಆಮೇಲೆ ಹತ್ತು ಜನರಿಂದ ಕೇಳಿದೆ. ದೊಡ್ಡ ಯಂತ್ರಕ್ಕೆ ಮೊದಲ ಮಾನ ಎಂದು ಪೂಜೆಯನ್ನು ಮೂರನೇ ಕೋಣೆಯಿಂದ ಶುರು ಮಾಡಿದರು. ಸಾಹೇಬರು ಹೊಸ ಯಂತ್ರಕ್ಕೆ ಕುಂಕುಮ ಹಚ್ಚಿ, ಬಗ್ಗಿ, ಹಣೆ ಮೀಸೆ ಎರಡೂ ತಾಗುವಂತೆ ನಮಸ್ಕಾರ ಮಾಡಿದರು. ಟ್ಯೂಬು ಬಿಚ್ಚುವ ಮೇಜಿನ ಮೇಲೆ ಆರತಿ ತಟ್ಟೆ ಇಟ್ಟು, ಅಲ್ಲೇ ಮಾಲೆಗಳನ್ನು ಹರವಿದರು. ಅಲ್ಲಿಂದ ಅದೇ ತಟ್ಟೆ, ಅದೇ ಮಾಲೆ, ಅದೇ ಗಂಟೆ ಹಿಡಿದು ಮೆರವಣಿಗೆ ಎರಡನೇ ಕೋಣೆಗೆ, ಎರಡರಿಂದ ಒಂದಕ್ಕೆ ಹೊರಟಿತು. ಒಂದನೇ ಕೋಣೆಯ ಬಾಗಿಲಲ್ಲಿ ಮಹಾದೇವಿ ನಿಂತಿದ್ದಳು.

“ಸರ್, ತಟ್ಟಿ ಒಳಗ ಹೋಗಬಾರದ್ರಿ,” ಎಂದಳಂತೆ. ಗಾಬರಿಗೆ ಕನ್ನಡದಲ್ಲೇ ಬಂದುಬಿಟ್ಟಿತ್ತು.

“ದೇವಾಚಂ ತಾಟ ಆಹೇ,” ಎಂದರು ಸಾಹೇಬರು. ದೇವರ ತಟ್ಟೆ ಇದು, ಇದಕ್ಕೆ ನಿನ್ನ ನಿಯಮ ಇಲ್ಲ. “ವಿಜ್ಞಾನ ವಿಜ್ಞಾನದ ಜಾಗಾದಾಗ, ಶ್ರದ್ಧಾ ಶ್ರದ್ಧಾದ ಜಾಗಾದಾಗ.”

ಅಲ್ಲ, ತಟ್ಟೆ ತನ್ನ ಜಾಗದಲ್ಲಿ ಇದ್ದಿದ್ದರೆ ನನ್ನದೇನು ತಕರಾರಿತ್ತು? ಸ್ವಚ್ಛ ಕೋಣೆಯ ಒಂದೊಂದು ಪಿಪೆಟ್ಟಿಗೂ ಕುಂಕುಮ ಹಚ್ಚಿದರು. ಔಷಧಿ ಬೆರೆಸುವ ಗಾಜಿನ ಪೆಟ್ಟಿಗೆಗೆ ಮಾಲೆ ತೊಡಿಸಿದರು. ಊದುಬತ್ತಿಯ ಹೊಗೆ ಹೆಚ್ಚಾಯಿತೆಂದು ಯಾರೋ ಫ್ಯಾನು ಹಚ್ಚಿದರು. ಮಹಾದೇವಿ ಹೊರಗೇ ನಿಂತು ಪೇಢೆ ತಿಂದಳು. ಹುಡುಗಿಗೆ ಧಿಮಾಕು ಎಂದು ಎಲ್ಲರೂ ಮಾತಾಡಿಕೊಂಡರು.

ದಸರಾ ಮುಗಿದ ಮೇಲಿನ ವಾರ ಪ್ರಾಯೋಗಿಕ ಪರೀಕ್ಷೆ. ಪ್ರತಿಯೊಬ್ಬರಿಗೂ ಗುರುತು ಹೇಳದ ಕೆಲವು ಸ್ಯಾಂಪಲ್ ಕೊಟ್ಟು, ಯಾವುದರಲ್ಲಿ ಕ್ಷಯ ಇದೆ, ಯಾವುದರಲ್ಲಿ ಇಲ್ಲ ಎಂದು ವರದಿ ಬರೆಸುತ್ತಾರೆ. ನಾನು ಆಗಲೂ ಊರಿನಲ್ಲೇ ಇದ್ದೆ. ತಂಡದ ಎಲ್ಲರ ಉತ್ತರವೂ ಸರಿ ಬಂತು. ಎಲ್ಲರ ನೀರೂ ಶುದ್ಧ. ಮಹಾದೇವಿ ಒಬ್ಬಳೇ ಹೀಗೆ ಬರೆದು ಕೊಟ್ಟಿದ್ದಳು: ‘ನೀರಿನಲ್ಲಿ ರೋಗಾಣು ಕಾಣುತ್ತಿದೆ. ಈ ಪರೀಕ್ಷೆ ರದ್ದು. ವರದಿ ಕೊಡಲು ಬರುವುದಿಲ್ಲ.’

ಒಂದೂ ಉತ್ತರವಿಲ್ಲ ಎಂದು ಸೊನ್ನೆ ಕೊಟ್ಟರು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಎಲ್ಲರ ನೀರು ಶುದ್ಧ, ಈಕೆಯದೊಂದೇ ಕೊಳಕು. ಅಂದ ಮೇಲೆ ಕೊಳೆ ಈಕೆಯದೇ ಎಂದು ಸಾಹೇಬರು ತೀರ್ಮಾನಿಸಿದರು. ಯೆರವಡಾದ ಝೋಪಡಪಟ್ಟಿಯಿಂದ ದಿನಾ ಬರುವವಳು, ಅಲ್ಲಿ ಮನೆಗೊಬ್ಬರಿಗೆ ಕ್ಷಯ, ಹೊತ್ತು ತಂದಿದ್ದಾಳೆ ಎಂದರು. ಶನಿವಾರ ಸಮಿತಿ ಸೇರಿ ಆಕೆಯ ಹೆಸರು ತೆಗೆಯುವುದೆಂದು ನೋಟಿಸ್ ಹಚ್ಚಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ ಎಲ್ಲ ಕಡೆಯೂ ಇರುತ್ತಾರೆ. ಆಕೆ ಕುಳಿತ ಕುರ್ಚಿಗೆ ಫಿನಾಯಿಲ್ ಹೊಡೆದರು.

ನಾನು ರಜೆ ಮುಗಿಸಿ ಬಂದಾಗ ಆಕೆ ಮೆಟ್ಟಿಲ ಮೇಲೆ ಕುಳಿತಿದ್ದಳು. ಅಳುತ್ತಿರಲಿಲ್ಲ.

“ಏನಾತವಾ?” ಎಂದೆ.

ಎಲ್ಲ ಹೇಳಿದಳು. ಪೂಜೆಯದು, ತಟ್ಟೆಯದು, ಪರೀಕ್ಷೆಯದು. ಕೊನೆಗೆ ಕೇಳಿದಳು: “ನಮ್ಮಪ್ಪಗ ಏನಂತ ಹೇಳ್ಲಿ ಅಕ್ಕೋರ? ನೀರಿಗೆ ಕ್ಷಯ ಬಂದದ, ಅದಕ್ಕ ನನ್ನ ತಗೀಲಿಕತ್ತಾರ ಅಂತ ಹೇಳ್ಲ್ಯಾ? ಅಂವಾ ನಂಬೂದಿಲ್ರಿ. ನಾ ಏನೋ ಮಾಡೀನಿ ಅಂತಾನ.”

ನನಗೆ ನಗು ಬಂತು, ಅದರ ಹಿಂದೆಯೇ ಕಣ್ಣಲ್ಲಿ ನೀರು ಬಂತು, ಎರಡರ ಮೇಲೂ ಸಿಟ್ಟು ಬಂತು. “ಶನಿವಾರ ತನಕ ಅಪ್ಪಗ ಏನೂ ಹೇಳಬ್ಯಾಡ,” ಎಂದು ಮೇಲೆ ಹೋದೆ.

ಪರೀಕ್ಷೆಯ ಟ್ಯೂಬುಗಳನ್ನು ಇನ್ನೂ ಎಸೆದಿರಲಿಲ್ಲ. ಒಬ್ಬೊಬ್ಬರ ನೀರಿನ ಟ್ಯೂಬನ್ನೂ ಬೆಳಕಿಗೆ ಹಿಡಿದೆ. ಮಹಾದೇವಿಯದರಲ್ಲಿ ತಳದಲ್ಲಿ ಹನಿ ಇತ್ತು. ಉಳಿದವರ ಟ್ಯೂಬುಗಳು ಒಣಗಿದ ಬಾವಿ. ನಾನು ಇಡೀ ತಂಡವನ್ನು ಕರೆದು ಏನೂ ಹೇಳದೆ ಟ್ಯೂಬುಗಳನ್ನು ಮೇಜಿನ ಮೇಲೆ ನಿಲ್ಲಿಸಿದೆ. ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಎಲ್ಲರೂ ಹೆಗಲು ಮುಟ್ಟಿ ನೋಡಿಕೊಂಡರು.

ನಿಖಿಲ್ ಬಾಯಿ ಬಿಟ್ಟ. “ಮ್ಯಾಮ್, ಪ್ರಾಕ್ಟೀಸ್‌ನಲ್ಲಿ ದಸರಾ ಆದಾಗಿಂದ ಎಲ್ಲರಿಗೂ ವಾಟರ್ ಪಾಸಿಟಿವ್ ಬರ್ತಾ ಇತ್ತು. ಎಕ್ಸಾಮ್‌ನಲ್ಲೂ ಬಂದ್ರೆ ಫೇಲ್ ಮಾಡ್ತಾರೆ ಅಂತ ಭಯ. ಅದಕ್ಕೆ ವಾಟರ್‌ನೇ ಹಾಕ್ಲಿಲ್ಲ. ಏನೂ ಹಾಕದೆ ಮುಚ್ಚಳ ಹಾಕಿದ್ವಿ.”

“ಮತ್ತ ಉತ್ತರ?”

“ಅದು... ಪ್ರತಿ ವರ್ಷ ಅದೇ ಸ್ಯಾಂಪಲ್ಸ್ ಅಲ್ವಾ ಮ್ಯಾಮ್. ಸೀನಿಯರ್ಸ್ ಹೇಳಿದ್ರು.”

ಖಾಲಿ ಟ್ಯೂಬಿಗೆ ಯಾವ ರೋಗ ಬರಬೇಕು? ಇದನ್ನು ಸಾಹೇಬರಿಗೆ ಹೇಳಿದೆ. ಅವರು ಗದ್ದಲ ಮಾಡಲಿಲ್ಲ. ಹುಡುಗರು ಮಾಡಿದ್ದು ತಪ್ಪು, ಬುದ್ಧಿ ಹೇಳೋಣ ಎಂದರು. “ಆದ್ರ ಆ ಹುಡುಗಿ ನೀರು ಕೆಟ್ಟಿದ್ದು ಖರೇ ಅದಲ್ಲ ಬಿರಾದಾರ ಬಾಯಿ?”

“ಎಲ್ಲಾರ ನೀರೂ ಕೆಟ್ಟದ ಸರ್. ಆಕಿ ಒಬ್ಬಾಕಿ ನೋಡ್ಯಾಳ. ನಿಮ್ಮ ಆರತಿ ತಟ್ಟಿಯಿಂದ ಕೆಟ್ಟದ.”

ಆಗ ಮರಾಠಿ ಶುರುವಾಯಿತು. ಅದನ್ನು ಬರೆಯುವುದಿಲ್ಲ. ಕೊನೆಗೆ ನಾನು ಹೇಳಿದೆ: “ಜಗಳ ಯಾಕ ಸರ್, ನಾವು ಪರೀಕ್ಷಾ ಮಾಡೂ ಮಂದಿ. ಹತ್ತಿ ಕಡ್ಡೀಲೆ ಎಲ್ಲಾ ಒರಿಸಿ ನೋಡೂಣು. ಎಲ್ಲಿ ಕೊಳಿ ಅದನೋ ಗೊತ್ತಾಗ್ತದ.”

“ಮಾಡ್ರಿ. ಮೊದಲ ಆಕಿ ಕೈ ಒರಿಸ್ರಿ, ಕೋಟು ಒರಿಸ್ರಿ,” ಎಂದರು. ಆಮೇಲೆ ತಮ್ಮ ಮೇಲಿನ ವಿಶ್ವಾಸದಿಂದ ಎದೆ ಸೆಟೆಸಿ, “ಹೋಲಿಸ್ಲಿಕ್ಕೆ ನನ್ನದೂ ತಗೋರಿ. ನಾನು ಎಲ್ಲಾರ ಮುಂದs ಕೊಡ್ತೀನಿ,” ಎಂದರು.

ಹಾಗೆಯೇ ಆಯಿತು. ತಟ್ಟೆ, ಗಂಟೆ, ಬಾಡಿದ ಮಾಲೆ, ಪಿಪೆಟ್ಟು, ಫ್ಯಾನಿನ ರೆಕ್ಕೆ, ಪೇಢೆಯ ಡಬ್ಬಿ, ಹುಡುಗಿಯ ಕೈ, ಹುಡುಗಿಯ ಕೋಟು ಎಲ್ಲ ಒರೆಸಿದೆವು. ಸಾಹೇಬರು ಕುರ್ಚಿಯಲ್ಲಿ ಕುಳಿತು ಮುಖ ಮೇಲೆ ಮಾಡಿದರು. ನಾನು ಅವರ ಮೀಸೆಯನ್ನು ಎಡದಿಂದ ಬಲಕ್ಕೆ ಚೆನ್ನಾಗಿ ಒರೆಸಿ ಟ್ಯೂಬಿನ ಮೇಲೆ ‘ಮೀಸೆ’ ಎಂದು ಬರೆದೆ. ನಮ್ಮ ಕೋಣೆಗಳನ್ನು ನಂಬುವಂತಿರಲಿಲ್ಲವಾದ್ದರಿಂದ ಕೆಳಮಹಡಿಯಲ್ಲಿದ್ದ ನನ್ನ ಹಳೆಯ ಗೆಳತಿಯನ್ನು ಕಾಡಿಬೇಡಿ ಅವಳ ಯಂತ್ರದಲ್ಲಿ ಪರೀಕ್ಷೆ ಹಾಕಿಸಿದೆ. ಅಲ್ಲಿ ಪರೀಕ್ಷೆ ಮುಗಿದ ಟ್ಯೂಬು ಎಂದೂ ಬಿಚ್ಚುವುದಿಲ್ಲ, ಆದ್ದರಿಂದ ಅವಳ ನೀರು ಶುದ್ಧವಾಗಿತ್ತು.

ಫಲಿತಾಂಶವನ್ನು ಎಲ್ಲರೆದುರು ಓದಿದೆ. ತಟ್ಟೆ, ಇದೆ. ಗಂಟೆ, ಇದೆ. ಮಾಲೆ, ಪಿಪೆಟ್ಟು, ಫ್ಯಾನು, ಇದೆ. ಪೇಢೆಯ ಡಬ್ಬಿ, ಅಲ್ಪಸ್ವಲ್ಪ ಇದೆ. ಮಹಾದೇವಿಯ ಕೈ, ಇಲ್ಲ. ಕೋಟು, ಇಲ್ಲ. ಮೀಸೆ, ಎಲ್ಲಕ್ಕಿಂತ ಜೋರಾಗಿ ಇದೆ. ಪೂಜೆಯ ದಿನದ ಮೇಲೂ ಅವರು ಹೊಸ ಯಂತ್ರಕ್ಕೆ ದಿನಾ ಬೆಳಿಗ್ಗೆ ಬಗ್ಗಿ ನಮಸ್ಕಾರ ಮಾಡುತ್ತಿದ್ದರು ಎಂದು ಆಗ ತಿಳಿಯಿತು.

ಇನ್ನು ಮುಗಿಯಿತು ಎಂದುಕೊಂಡೆ. ಎಲ್ಲಿ ಮುಗಿಯುತ್ತದೆ? ನೋಟಿಸ್ ಹೊರಬಿದ್ದಿದೆ, ಸಮಿತಿ ಸೇರಲೇಬೇಕು, ಅಲ್ಲಿ ನೋಡೋಣ ಎಂದು ಸಾಹೇಬರು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಸೊನ್ನೆ ಸೊನ್ನೆಯಾಗಿಯೇ ಇತ್ತು.

ಮರುದಿನದಿಂದ ಅವರು ಬೇರೆ ಮನುಷ್ಯರಾದರು. ಮಾಸ್ಕ್ ಹಾಕಿಕೊಂಡು ಬಂದರು. ಊಟದ ಡಬ್ಬಿಯನ್ನು ಒಬ್ಬರೇ ಕುಳಿತು ಬಿಚ್ಚಿದರು. ಆಸ್ಪತ್ರೆಯ ಹಿಂದಿನ ಶೆಟ್ಟರ ಹೋಟೆಲಿನಲ್ಲಿ ಚಹಾವನ್ನು ಮನೆಯಿಂದ ತಂದ ಲೋಟಕ್ಕೆ ಹಾಕಿಸಿಕೊಂಡರು. ಅವರಿಗೆ ಗಣಪತಿ ಹಬ್ಬದಿಂದಲೂ ಒಂದು ಕೆಮ್ಮು ಇತ್ತು. ಮೀಸೆಯ ಮೇಲಿದ್ದದ್ದು ಯಂತ್ರದ ಪ್ರತಿಗಳು, ಜೀವವಿರುವ ರೋಗಾಣು ಅಲ್ಲ ಎಂದು ಅವರೇ ವರ್ಷಗಟ್ಟಲೆ ಪಾಠ ಮಾಡಿದ್ದರು. ಗೊತ್ತಿದ್ದದ್ದೆಲ್ಲ ತಲೆಯಲ್ಲಿತ್ತು, ಹೆದರಿಕೆ ಹೊಟ್ಟೆಯಲ್ಲಿತ್ತು.

ಗುರುವಾರ ಮಧ್ಯಾಹ್ನ ನನ್ನ ಮೇಜಿಗೆ ಬಂದರು. ಬಾಗಿಲು ಮುಂದೆ ಮಾಡಿ, ಕನ್ನಡದಲ್ಲಿ ಮಾತಾಡಿದರು.

“ಬಿರಾದಾರ ಬಾಯಿ, ನನ್ನ ಕಫ ಒಂದೀಟು ಪರೀಕ್ಷಾ ಮಾಡಬೇಕಲ್ರಿ.”

“ಕೆಳಗ ಕೊಡ್ರಿ ಸರ್.”

“ಕೆಳಗ ಕೊಟ್ರ ಟ್ರಸ್ಟಿಗಳಿಗೆ ಸಂಜಿಯೊಳಗ ಗೊತ್ತಾಗ್ತದ. ಇಲ್ಲೇ ಮಾಡೂಣು. ನಿಮ್ಮ ಕೈ ನಡಗ್ತಾವ, ನೀವು ಬ್ಯಾಡ. ಹುಡುಗರ ಪೈಕಿ ಯಾರರ ಮಾಡ್ಲಿ.”

ವಯಸ್ಸಾಗಿ ನನ್ನ ಕೈ ನಡುಗುತ್ತಿದ್ದದ್ದು ನಿಜ, ಅವರು ಅದನ್ನು ಹೇಳಬೇಕಿರಲಿಲ್ಲ. ನಾನೂ ಬಿಡಲಿಲ್ಲ. “ನಿಖಿಲ್‌ಗ ಹೇಳ್ಲ್ಯಾ ಸರ್? ಪರೀಕ್ಷಾದಾಗ ಪೂರ್ತಿ ಅಂಕ ತಗೊಂಡಾನ.”

ಅವರು ತಲೆ ಅಲ್ಲಾಡಿಸಿದರು. ಪೂರ್ತಿ ಅಂಕ ಪಡೆದ ಇನ್ನೊಬ್ಬರ ಹೆಸರು ಹೇಳಿದೆ. ಮತ್ತೆ ತಲೆ ಅಲ್ಲಾಡಿಸಿದರು. ಇಡೀ ತಂಡದ ಹೆಸರನ್ನು ಒಂದೊಂದಾಗಿ ಹೇಳುತ್ತ ಹೋದೆ. ಕೊನೆಗೆ ಉಳಿದದ್ದು ಒಂದೇ ಹೆಸರು. ಅದನ್ನು ನಾನು ಹೇಳಲಿಲ್ಲ.

“ಆ ಹುಡುಗೀನ ಕರೀರಿ,” ಎಂದರು ನೆಲ ನೋಡುತ್ತ.

ಮಹಾದೇವಿ ಬಂದಳು. ಕೇಳಿದ್ದಕ್ಕೆಲ್ಲ ‘ಹೂಂ ಸರ್’ ಅನ್ನುತ್ತಾಳೆ ಎಂದು ಅವರು ಎಣಿಸಿದ್ದರೋ ಏನೋ. ಆಕೆ ಯಾವುದೇ ರೋಗಿಯನ್ನು ಕೇಳುವಂತೆ ಕೆಮ್ಮು ಎಂದಿನಿಂದ, ತೂಕ ಇಳಿದಿದೆಯೇ, ಮನೆಯಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿದಳು. ಅವರು ಎಲ್ಲಕ್ಕೂ ಸಣ್ಣ ದನಿಯಲ್ಲಿ ಉತ್ತರ ಕೊಟ್ಟರು.

“ನಾಳೆ ಮುಂಜಾನೆ ಎದ್ದ ಕೂಡಲೇ ಬಾಯಿ ಮುಕ್ಕಳಿಸಿ, ಆಳದಿಂದ ಕೆಮ್ಮಿ ತರ್ರಿ ಸರ್. ಉಗುಳು ಬ್ಯಾಡ, ಕಫ ಬೇಕು,” ಎಂದಳು. “ಆದ್ರ ನಾಳೆನೇ ಹೇಳಂಗಿಲ್ರಿ. ಮೊದಲ ನೀರು ಸ್ವಚ್ಛ ಆಗಬೇಕು. ಅಲ್ಲೀತನಕ ನಿಮ್ಮದು ಫ್ರಿಜ್‌ನಾಗ ಇರ್ತದ.”

“ಅಂದಾಜು ಹೇಳಿದ್ರೂ ನಡೀತದ ನೋಡವಾ.”

“ನೀರು ಕೆಟ್ಟಾಗ ಅಂದಾಜೂ ಬರೂದಿಲ್ರಿ ಸರ್.”

ಆಮೇಲೆ ನಡೆದದ್ದನ್ನು ನೀವು ನೋಡಬೇಕಿತ್ತು. ಸಾಹೇಬರು ತೋಳು ಮಡಚಿ, ಬ್ಲೀಚಿನ ಬಕೆಟ್ಟು ಹಿಡಿದು ಸ್ವಚ್ಛ ಕೋಣೆಯ ಗೋಡೆ ತಿಕ್ಕಿದರು. ಪಿಪೆಟ್ಟುಗಳ ಕುಂಕುಮವನ್ನು ತಾವೇ ಕೂತು ಉಜ್ಜಿದರು. ಫ್ಯಾನು ಬಿಚ್ಚಿಸಿದರು, ಹಳೆಯ ಔಷಧಿಗಳನ್ನೆಲ್ಲ ಎಸೆಸಿದರು, ಮೀಸೆ ಬೋಳಿಸಿಕೊಂಡು ಬಂದರು. ಶನಿವಾರದ ಸಮಿತಿಯನ್ನು ‘ಸ್ವಚ್ಛತೆಯ ಕಾರಣ’ ಎಂದು ಮುಂದಕ್ಕೆ ಹಾಕಿದರು. ಮಹಾದೇವಿ ದಿನಾ ಬರೀ ನೀರನ್ನೇ ಪರೀಕ್ಷೆಗೆ ಹಾಕುವಳು. ಸಾಹೇಬರು ಗಾಜಿನ ಬಾಗಿಲ ಆಚೆ ನಿಂತು ಹುಬ್ಬೆತ್ತಿ ಕೇಳುವರು. ಆಕೆ ಇನ್ನೂ ಶುದ್ಧವಿಲ್ಲ ಎಂದು ಕೈ ಆಡಿಸುವಳು. ಅವರು ಮತ್ತೆ ಬಕೆಟ್ಟು ಎತ್ತಿಕೊಳ್ಳುವರು. ನಾನು ಇಷ್ಟು ಸುಖವಾಗಿ ಕೆಲಸ ಮಾಡಿದ ದಿನಗಳು ಬೇರೆ ಇಲ್ಲ.

ಕೊನೆಗೊಂದು ದಿನ ನೀರು ಶುದ್ಧ ಬಂತು. ಮರುದಿನವೂ ಬಂತು. ಆಮೇಲೆ ಆಕೆ ಅವರ ಕಫ ಹಾಕಿದಳು. ಸಂಜೆ ಅವರ ಕೋಣೆಗೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋದಳು.

“ನಿಮಗ ಕ್ಷಯ ಇಲ್ರಿ ಸರ್.”

“ಖಾತ್ರಿ ಏನವಾ?”

“ನೀರು ಸ್ವಚ್ಛ ಬಂದದ್ರಿ. ಅದಕ್ಕ ಹೇಳ್ಲಿಕತ್ತೀನಿ.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು, ಕಣ್ಣೂ ಒರೆಸಿಕೊಂಡರು. ನನ್ನ ಕಡೆ ತಿರುಗಿ ಈಕೆಗೆ ಎಷ್ಟು ಅಂಕ ಕೊಟ್ಟಿದ್ದೇವೆ ಎಂದು ಕೇಳಿದರು, ಗೊತ್ತಿಲ್ಲದವರ ಹಾಗೆ.

“ಸೊನ್ನಿ ಸರ್.”

“ಉಳಿದವರಿಗೆ?”

“ಪೂರ್ತಿ.”

“ಹಂಗಿದ್ರ ಅದಲ್ ಬದಲ್ ಮಾಡ್ರಿ. ಈಕಿಗೆ ಪೂರ್ತಿ, ಅವರಿಗೆಲ್ಲಾ ಸೊನ್ನಿ. ನಾನು ಸಹಿ ಹಾಕ್ತೀನಿ.”

ನನಗೆ ಎಷ್ಟು ಖುಷಿಯಾಯಿತೆಂದರೆ ಅಲ್ಲೇ ಪೆನ್ನು ತೆಗೆದೆ. ಮಹಾದೇವಿ ನನ್ನ ಕೈ ಹಿಡಿದಳು.

“ಬ್ಯಾಡ್ರಿ ಸರ್. ನೀರು ಕೆಟ್ಟ ದಿನದ ಅಂಕ ಯಾವೂ ನಡಿಯೂದಿಲ್ರಿ. ಅವರವೂ ನಡಿಯೂದಿಲ್ಲ, ನನ್ನವೂ ನಡಿಯೂದಿಲ್ಲ. ಎಲ್ಲಾ ರದ್ದು ಮಾಡ್ರಿ. ಹೊಸಾ ಸ್ಯಾಂಪಲ್ ಕೊಟ್ಟು ಎಲ್ಲಾರನ್ನೂ ಮತ್ತ ಕೂಡಸ್ರಿ, ನನ್ನೂ ಕೂಡಸ್ರಿ.”

ಸಾಹೇಬರು ಆಕೆಯನ್ನು ನೋಡಿದರು, ನನ್ನನ್ನು ನೋಡಿದರು. ಹುಚ್ಚು ಹುಡುಗಿ, ಕೈಗೆ ಬಂದದ್ದನ್ನು ಚೆಲ್ಲುತ್ತಿದ್ದಾಳೆ ಎಂದು ನನಗೆ ಜೀವವೇ ಬಾಯಿಗೆ ಬಂದಿತ್ತು. ಮತ್ತೆ ಕೂತಾಗ ತಪ್ಪಿದರೆ? ಆದರೆ ಆಕೆ ಹೇಳಿದ್ದು ನಾನೇ ಕಲಿಸಿದ್ದು, ಬಾಯಿ ಬಿಡುವಂತಿರಲಿಲ್ಲ. ಸಾಹೇಬರು ನೋಟಿಸನ್ನು ಹರಿದು ಕಸದ ಬುಟ್ಟಿಗೆ ಹಾಕಿ ಮರುಪರೀಕ್ಷೆಗೆ ಸಹಿ ಮಾಡಿದರು.

ಹೊಸ ಸ್ಯಾಂಪಲ್‌ಗಳನ್ನು ನಾನೇ ಸಿದ್ಧ ಮಾಡಿದೆ, ಸೀನಿಯರ್‌ಗಳಿಗೆ ಸುಳಿವು ಸಿಗದಂತೆ. ಎಲ್ಲರೂ ಕುಳಿತರು. ಎಲ್ಲರ ಟ್ಯೂಬಿನಲ್ಲೂ ನೀರಿತ್ತು, ನಾನು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದೆ. ಮಹಾದೇವಿ ಮೊದಲ ಸ್ಥಾನಕ್ಕೆ ಬರುತ್ತಾಳೆ ಎಂದು ಕಾದಿದ್ದೆ. ಬರಲಿಲ್ಲ. ಒಂದು ಸ್ಯಾಂಪಲ್ ತಪ್ಪು ಮಾಡಿ ಮೂರನೆಯವಳಾಗಿ ಪಾಸಾದಳು. ಮೊದಲು ಬಂದವನು, ನಂಬಿದರೆ ನಂಬಿ, ಆ ನಿಖಿಲ್.

ನನಗೆ ತಡೆಯಲಾರದ ಸಿಟ್ಟು ಬಂತು. “ನೋಡಿದ್ಯಾ? ಅವತ್ತು ಸುಮ್ನಿದ್ದಿದ್ರ ಪೂರ್ತಿ ಅಂಕ ನಿನ್ನ ಕಿಸೇದಾಗ ಇರ್ತಿದ್ವು,” ಎಂದು ಬೈದೆ.

“ಇರ್ಲಿ ಬಿಡ್ರಿ ಅಕ್ಕೋರ,” ಎಂದಳು. “ಇವು ಖರೇನ ನನ್ನವು.” ಅಷ್ಟು ಹೇಳಿ ಮೊಬೈಲು ತೆಗೆದು, ಕಿಟಕಿಯ ಕಡೆ ತಿರುಗಿ ಅಪ್ಪನಿಗೆ ಫೋನ್ ಹಚ್ಚಿದಳು.